ಮೊಳಕೆ ರಾಗಿಯನ್ನು ಖಾರದ ಮಿಷನ್ನಿಗೆ ಕಳಿಸಿದ ಸೂತ್ರದವರಿಗೆ

ಶ್ರೀಮಾನ್ ಇಫ್ ಸೂತ್ರದವರ ಸನ್ನಿಧಾನಕ್ಕೆ,
ಮೊಕ್ಕಾಂ: ಎಂಟನೇ ಅಂಕಣ, ಗಿರಾಕಿಗಳ ಡೇಟಾಬೇಸು,
ನಮ್ಮ ಹಿಟ್ಟಿನ ಗಿರಣಿಯ ಕಂಪ್ಯೂಟರು, ಹೊಸಹಳ್ಳಿ, ವಿಜಯನಗರ.

ಮಾನ್ಯರೇ,

ತಮ್ಮ ಪಾದಾರವಿಂದಗಳಿಗೆ ಗಿರಣಿಯ ಮಾಲೀಕ ಕೆಂಚಪ್ಪನ ಅನಂತ ನಮಸ್ಕಾರಗಳು. ಇಲ್ಲಿ ನಾನು, ನನ್ನ ಮನೆಯಾಕೆ ಕಲಾ, ಮೂರು ಮಿಷನ್ನುಗಳು ಮತ್ತು ಶೀಟಿನ ಸಂದಿಯ ಪಾರಿವಾಳಗಳು ಎಲ್ಲರೂ ಕ್ಷೇಮ. ಅಲ್ಲಿ ತಾವೂ, ಮೊನ್ನೆಯ ತನಕ ತಮ್ಮಲ್ಲಿದ್ದ ಅರವತ್ತಮೂರು ಇಫ್‌ಗಳೂ, ತಮ್ಮ ಬಾಲದಲ್ಲಿ ಮದುವೆ ಊಟದ ಎರಡನೇ ಪಂಕ್ತಿಗೆ ಕಾದವರಂತೆ ಒತ್ತಿಕೊಂಡು ನಿಂತಿದ್ದ ಅರವತ್ತಮೂರು ಬ್ರಾಕೆಟ್ಟುಗಳೂ ಆರೋಗ್ಯವಾಗಿರಬಹುದೆಂದು ನಂಬಿದ್ದೇನೆ. ಈ ಪತ್ರವನ್ನು ಖಾಸಗಿಯಾಗಿಯೇ ಬರೆಯಬಹುದಿತ್ತು. ಆದರೆ ತಮ್ಮ ಮೇಲೆ ಒಮ್ಮೆ ಬೆರಳೊತ್ತಿದರೆ ಸಾಕು, ತಾವು ಪರದೆಯ ತುಂಬ ಕಾಲು ಚಾಚಿ ಮಲಗಿ, ಅಹವಾಲು ಬರೆಯಲು ಅಂಗೈಯಗಲ ಜಾಗವೂ ಉಳಿಸದಿದ್ದ ದಿನಗಳನ್ನು ನಾನಿನ್ನೂ ಮರೆತಿಲ್ಲ. ಆದಕಾರಣ ಇದನ್ನು ಗಿರಣಿಯ ಬಾಗಿಲಿಗೇ ಅಂಟಿಸುತ್ತಿದ್ದೇನೆ. ಡಬ್ಬಿ ಇಟ್ಟು ಸರದಿಗೆ ಕಾಯುವವರಿಗೆ ಓದಿಕೊಳ್ಳಲು ಏನಾದರೂ ಬೇಕಲ್ಲ.

ಮೊದಲಿಗೆ ದೂರು ಕೊಡುವವನ ಯೋಗ್ಯತೆ ತಿಳಿಸುವುದು ಪದ್ಧತಿ. ಇಲ್ಲೇ ಆಚೆಗಿರುವ ಉಲ್ಲಾಳ ಇನ್ನೂ ಊರಾಗಿದ್ದ ಕಾಲದಲ್ಲಿ, ಈಗ ಬಸ್ಸು ತಿರುಗಿಸಲು ಜಾಗ ಸಾಲದ ಕಡೆಯಲ್ಲೆಲ್ಲ ನಾವು ಹುರುಳಿ ಕಿತ್ತು ತಿನ್ನುತ್ತಿದ್ದ ಕಾಲದಲ್ಲಿ, ಅಲ್ಲಿಯೇ ಏಳನೇ ಕ್ಲಾಸಿನ ತನಕ ಓದಿದವನು ನಾನು. ಮೂವತ್ತರ ಮಗ್ಗಿಯನ್ನು ತಲೆಕೆಳಗಾಗಿ ಹೇಳಬಲ್ಲವನು. ಮೂವತ್ತೊಂದು ವರ್ಷದಿಂದ ಈ ಗಿರಣಿ ನಡೆಸುತ್ತಿದ್ದೇನೆ. ಒಂದನೇ ಮಿಷನ್ನು ರಾಗಿಗೆ, ಎರಡನೆಯದು ಅಕ್ಕಿ ಗೋಧಿಗೆ, ಮೂರನೆಯದು ಖಾರಕ್ಕೆ. ಖಾರದ ಮಿಷನ್ನಿಗೆ ಹಿಂದಿನ ಕೋಣೆಯಲ್ಲಿ ಬೇರೆ ವಾಸ, ಏಕೆಂದರೆ ಅದರ ಸಹವಾಸ ಮಾಡಿದ ಧಾನ್ಯ ಮತ್ತೆ ಮನೆಗೆ ಸೇರುವ ಸ್ಥಿತಿಯಲ್ಲಿ ಇರುವುದಿಲ್ಲ. ಇದನ್ನು ದಯವಿಟ್ಟು ನೆನಪಿನಲ್ಲಿಡಬೇಕು, ಮುಂದೆ ಕೆಲಸಕ್ಕೆ ಬರುತ್ತದೆ.

ಹಿಟ್ಟೆಂದರೆ ಎಲ್ಲ ಒಂದೇ ಎಂದು ತಿಳಿದವರು ಗೋಣಿಚೀಲದ ವ್ಯಾಪಾರಕ್ಕೆ ಹೋಗಬೇಕು, ಗಿರಣಿಗಲ್ಲ. ನೀಲಮ್ಮನವರ ರಾಗಿ ಮುದ್ದೆಗೆ ಬೆರಳಲ್ಲಿ ಉಜ್ಜಿದರೆ ಸ್ವಲ್ಪ ಸದ್ದು ಕೇಳಬೇಕು. ಮಧ್ವೇಶ್ ಅವರ ಮನೆಯ ಅಕ್ಕಿ, ಬೆಳಿಗ್ಗೆ ಮಿಷನ್ನು ತೊಳೆದಂತೆ ಒರೆಸಿದ ಮೇಲೆ ಮೊಟ್ಟಮೊದಲು ಬೀಳಬೇಕು; ಅದಕ್ಕೆ ಮುಂಚೆ ಇನ್ನೊಬ್ಬರ ಗೋಧಿ ಬಿದ್ದರೆ ಅವರ ತಾಯಿಯವರಿಗೆ ಮೂರು ಬೀದಿ ಆಚೆಯೇ ಗೊತ್ತಾಗುತ್ತದೆ. ಹೀಗೆ ಇನ್ನೂರ ಹದಿನಾಲ್ಕು ಮನೆ, ಮನೆಗೊಂದು ನಾಲಿಗೆ. ಇವೆಲ್ಲವನ್ನೂ ಇಪ್ಪತ್ತೆರಡು ವರ್ಷದಿಂದ ನಮ್ಮಲ್ಲಿ ಮಿಷನ್ನಿಗೆ ಕಾಳು ಸುರಿಯುವ ನರಸಮ್ಮ ಒಂದು ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದಳು. ಈ ಕಡೆ ಮನೆಯ ಹೆಸರು, ನಡುವೆ ಧಾನ್ಯ, ಆ ಕಡೆ ಯಾವ ಮಿಷನ್ನು, ಎಷ್ಟು ನುಣ್ಣಗೆ. ನೋಡುವುದು, ಸುರಿಯುವುದು, ಅಷ್ಟೆ. ಅದರಲ್ಲಿ ಬುದ್ಧಿವಂತಿಕೆ ಕಾಣಿಸುತ್ತಿರಲಿಲ್ಲ ಎಂಬುದೊಂದೇ ನನಗಿದ್ದ ಕೊರಗು.

ಆ ಕೊರಗನ್ನು ನೀಗಲೆಂದೇ ತಾವು ಅವತರಿಸಿದಿರಿ. ಅತ್ತಿಗುಪ್ಪೆಯ ಸಮುದಾಯ ಭವನದಲ್ಲಿ ಅರವತ್ತು ದಾಟಿದವರಿಗೆ ಐದು ದಿನದ ಉಚಿತ ಕಂಪ್ಯೂಟರ್ ಪಾಠವೆಂದು ಬೋರ್ಡು ಕಂಡು ಹೋದೆ. ಪಾಠ ಹೇಳಿದ್ದು ಸೌಂದರ್ಯಾ ಎಂಬ ತಾಳ್ಮೆಯ ಹೆಣ್ಣುಮಗಳು. ಮೊದಲ ದಿನ ಮೌಸು ಹಿಡಿಯುವುದು, ಎರಡನೇ ದಿನ ಹೆಸರುಗಳನ್ನು ಪಟ್ಟಿ ಮಾಡುವುದು, ಮೂರನೇ ದಿನ ತಾವು. 'ಹೀಗಾದರೆ ಹೀಗೆ, ಇಲ್ಲದಿದ್ದರೆ ಹಾಗೆ' ಎಂದು ಆಕೆ ತಮ್ಮನ್ನು ಪರಿಚಯಿಸಿದಾಗ ನನಗೆ ನಮ್ಮ ಹಟ್ಟಿಯ ಪಂಚಾಯಿತಿ ಕಟ್ಟೆಯೇ ಕಣ್ಣಿಗೆ ಕಟ್ಟಿತು. ಇದಪ್ಪ ವಿದ್ಯೆ ಎಂದು ಆ ಸಂಜೆಯೇ ಗಿರಣಿಗೆ ಬಂದು ತಮ್ಮನ್ನು ಸ್ಥಾಪಿಸಿದೆ. ನಾಲ್ಕನೇ ದಿನದ ಪಾಠಕ್ಕೆ ಹೋಗಲಿಲ್ಲ. ಕಲಿಯಬೇಕಾದದ್ದು ಕಲಿತಾಗಿತ್ತು, ಮೇಲಾಗಿ ತಮ್ಮನ್ನು ನೋಡಲು ಬಂದವರಿಗೆ ವಿವರಿಸುವ ಕೆಲಸವೂ ನನ್ನ ಮೇಲೆ ಬಿದ್ದಿತ್ತು.

ತಮ್ಮ ಬಾಲಲೀಲೆಗಳನ್ನು ನೆನೆದರೆ ಈಗಲೂ ಮೈ ಪುಳಕಗೊಳ್ಳುತ್ತದೆ. ಹುಟ್ಟಿದಾಗ ತಾವು ಒಂದೇ ಸಾಲು: ರಾಗಿಯಾದರೆ ಒಂದನೇ ಮಿಷನ್ನು, ಇಲ್ಲದಿದ್ದರೆ ಎರಡು. ಆಮೇಲೆ ಮೆಣಸಿನಕಾಯಿ ನೆನಪಾಯಿತು, ಒಂದು ಇಫ್. ನೀಲಮ್ಮನವರು ನೆನಪಾದರು, ಇನ್ನೊಂದು. ಇಫ್ ಒಳಗೆ ಇಫ್, ಅದರ ಹೊಟ್ಟೆಯಲ್ಲಿ ಮತ್ತೊಂದು ಇಫ್. ನನ್ನ ಸೋದರಮಾವ ಹೀಗೆಯೇ. ಕಾಫಿ ಬೇಕೇ ಎಂದು ಕೇಳಿದರೆ, ಹಾಲು ಎಮ್ಮೆಯದಾದರೆ, ಬೆಲ್ಲ ಹಾಕಿದ್ದಾದರೆ, ಆಗಲೇ ಮಜ್ಜಿಗೆ ಕುಡಿದಿಲ್ಲವಾದರೆ ಎಂದು ಶುರು ಮಾಡಿ, ಬೇಕೋ ಬೇಡವೋ ತಿಳಿಯುವಷ್ಟರಲ್ಲಿ ಒಲೆ ಆರಿರುತ್ತಿತ್ತು. ಹಬ್ಬದ ಹೊತ್ತಿಗೆ ತಾವು ಅರವತ್ತು ದಾಟಿದಿರಿ. ತಮ್ಮನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಏಳು ಹಾಳೆಗಳನ್ನು ಉದ್ದಕ್ಕೆ ಅಂಟಿಸಿ, ಆಯುಧಪೂಜೆಯ ದಿನ ಕುಂಕುಮವಿಟ್ಟು ಗೋಡೆಗೆ ತೂಗುಹಾಕಿದೆ. ಜಾಗ ಸಾಲದ ಕಾರಣ ನರಸಮ್ಮನ ಕರಿಹಲಗೆಯನ್ನು ಇಳಿಸಿ ನೀರಿನ ಡ್ರಮ್ಮಿಗೆ ಮುಚ್ಚಳ ಮಾಡಿದೆ. ಆಕೆ ಸೀಮೆಸುಣ್ಣದ ತುಂಡನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡಳು. ಅದನ್ನು ನಾನು ಮೆಚ್ಚುಗೆಯೆಂದು ತಿಳಿದೆ.

ಇಡೀ ವಿಜಯನಗರದಲ್ಲಿ ಇಷ್ಟುದ್ದದ ಸೂತ್ರ ಇನ್ನೊಂದು ಗಿರಣಿಯಲ್ಲಿ ಇದ್ದರೆ ತೋರಿಸಲಿ ಎಂದು ಪಕ್ಕದ ಪಾತ್ರೆ ಅಂಗಡಿಯ ಮುನಿಯಣ್ಣನಿಗೆ ಪಂಥ ಕಟ್ಟಿದ್ದೂ ಉಂಟು. ಆತ ಏಳು ಹಾಳೆಯನ್ನೂ ಕತ್ತು ಓರೆ ಮಾಡಿಕೊಂಡು ನೋಡಿ, ಇದು ಯಾರಿಗಾದರೂ ಅರ್ಥವಾಗುತ್ತದೆಯೇ ಎಂದು ಕೇಳಿದ. ನನಗೊಬ್ಬನಿಗೆ ಎಂದೆ, ಎದೆಯುಬ್ಬಿಸಿ. ಮಾನ್ಯರೇ, ನನ್ನ ಬಾಯಿಂದ ಬಂದ ಅತ್ಯಂತ ಸತ್ಯವಾದ ಮಾತು ಅದು, ಅತ್ಯಂತ ದಡ್ಡ ಮಾತೂ ಅದೇ ಎಂಬುದು ಆಮೇಲೆ ತಿಳಿಯಿತು.

ಈಗ ಮೂಲ ದೂರಿಗೆ ಬರುತ್ತೇನೆ. ಶಿವರಾತ್ರಿ ಕಳೆದರೆ ನಮ್ಮ ಕಡೆ ಖಾರದ ಪುಡಿ ಮಾಡಿಸುವ ಸುಗ್ಗಿ. ಹೊಸಹಳ್ಳಿ, ಅತ್ತಿಗುಪ್ಪೆಯ ಹಳೇ ಮನೆಗಳಲ್ಲಿ ಮುನೇಶ್ವರನ ಹೆಸರಿಡದ ಮನೆಯಿಲ್ಲ. ಬೀದಿಯಲ್ಲಿ ನಿಂತು 'ಮುನೀ' ಎಂದು ಕೂಗಿದರೆ ನಾಲ್ಕು ಬಾಗಿಲು ತೆರೆದು ಆರು ತಲೆ ಹೊರಗೆ ಬರುತ್ತವೆ. ಆ ವಾರ ಮುನಿಯಣ್ಣ, ಮುನಿತಾಯಮ್ಮ, ಮುನಿಲಕ್ಷ್ಮಮ್ಮ ಎಂದು ಹದಿನಾಲ್ಕು ಮಂದಿ ಮುನಿಗಳು ಸಾಲಾಗಿ ಮೆಣಸಿನಕಾಯಿ, ಧನಿಯಾ ತಂದಿಟ್ಟರು. ಹದಿನಾಲ್ಕು ಇಫ್ ಬರೆಯಲು ಬೆರಳು ನೋಯುತ್ತಿತ್ತು. ಆಗ ನನ್ನ ಬುದ್ಧಿ ಮಿಂಚಿತು. ಹೆಸರು 'ಮುನಿ' ಎಂದು ಶುರುವಾದರೆ ಖಾರದ ಮಿಷನ್ನು ಎಂದು ಒಂದೇ ಷರತ್ತಿನಲ್ಲಿ ಹದಿನಾಲ್ಕು ಮನೆಯ ಕೆಲಸ ಮುಗಿಸಿದೆ. ಮುಗಿಸಿದ್ದಷ್ಟೇ ಅಲ್ಲ, ಅದನ್ನು ತಮ್ಮ ನೆತ್ತಿಯ ಮೇಲೆ, ಎಲ್ಲಕ್ಕಿಂತ ಮೊದಲು ಕೂರಿಸಿದೆ. ಏಕೆಂದರೆ ಅದು ದೇವರ ಹೆಸರು. ಯಾವ ಕಾಗದ ಬರೆದರೂ ದೇವರ ಹೆಸರು ಮೇಲಿರಬೇಕೆಂದು ಏಳನೇ ಕ್ಲಾಸಿನ ತನಕ ಕಲಿತವನು, ಸೂತ್ರದಲ್ಲಿ ಅದನ್ನು ಕೆಳಗೆ ಹಾಕಿ ಅಪಚಾರ ಮಾಡುವುದುಂಟೇ?

ತಾವು ಮೇಲಿನಿಂದ ಓದುತ್ತಾ ಬಂದು, ಮೊದಲು ಯಾವುದು ಸರಿಹೊಂದಿತೋ ಅಲ್ಲಿಯೇ ಚಕ್ಕಳಮಕ್ಕಳ ಹಾಕಿ ಕೂತು, ಕೆಳಗಿನ ಅರವತ್ತೆರಡರ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ ಎಂಬ ತಮ್ಮ ಸ್ವಭಾವವನ್ನು ನನಗೆ ಯಾರೂ ಹೇಳಿರಲಿಲ್ಲ. ಸೌಂದರ್ಯಾ ಹೇಳಿದ್ದಿರಬಹುದು. ಆ ಹೊತ್ತಿಗೆ ನಾನು ಪಕ್ಕದವರಿಗೆ ನನ್ನ ಸೂತ್ರ ತೋರಿಸುತ್ತಿದ್ದಿರಬೇಕು.

ತಮಾಷೆ ಏನೆಂದರೆ, ಶಿವರಾತ್ರಿಯಿಂದ ಆಷಾಢದ ತನಕ ಒಂದೇ ಒಂದು ತಪ್ಪಾಗಲಿಲ್ಲ. ಮುನಿತಾಯಮ್ಮ ಗೋಧಿ ತಂದರೂ ಸರಿಯಾಗಿಯೇ ಬಂತು, ಮುನಿಯಣ್ಣ ಅಕ್ಕಿ ತಂದರೂ ಸರಿಯಾಗಿಯೇ ಬಂತು. ಅಷ್ಟೂ ಕೀರ್ತಿಯನ್ನು ನಾನು ತಮಗೆ, ಎಂದರೆ ನನಗೆ, ಸಲ್ಲಿಸಿಕೊಂಡೆ. ನಿಜವಾಗಿ ನಡೆಯುತ್ತಿದ್ದದ್ದೇ ಬೇರೆ. ನಾನು ಹೆಸರು, ಧಾನ್ಯ ಒತ್ತಿದೊಡನೆ ತಾವು ಡಬ್ಬಿಗೆ ಕಟ್ಟುವ ಚೀಟಿಯಲ್ಲಿ ಖಾರದ ಮಿಷನ್ನು ಎಂದು ಅಚ್ಚು ಹಾಕಿ ಕಳಿಸುವುದು, ನರಸಮ್ಮ ಡಬ್ಬಿಯ ಮುಚ್ಚಳ ತೆಗೆದು ನೋಡಿ, ಚೀಟಿಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ತನಗೆ ಗೊತ್ತಿದ್ದ ಮಿಷನ್ನಿಗೆ ಸುರಿಯುವುದು. ನಾಲ್ಕು ತಿಂಗಳು ತಮ್ಮ ಮರ್ಯಾದೆ ಕಾಪಾಡಿದ್ದು ಆಕೆಯ ಸೊಂಟ. ಚೀಟಿಯಲ್ಲಿ ಧಾನ್ಯದ ಹೆಸರಾದರೂ ಇರಲಿ ಎಂದು ಆಕೆ ಒಮ್ಮೆ ಕೇಳಿದ್ದಳು. ಯೋಚನೆ ಮಾಡಲು ಸೂತ್ರವಿರುವಾಗ ನಮಗೇಕೆ ಆ ಉಸಾಬರಿ, ಚೀಟಿ ಹೇಳಿದ್ದೇ ಕಡೇ ಮಾತು ಎಂದು ನಾನು ಗದರಿದ್ದೆ.

ಆಷಾಢದ ಒಂದು ಮಂಗಳವಾರ ನರಸಮ್ಮ, ಕೆಂಗೇರಿಯಲ್ಲಿ ಮಗಳಿಗೆ ಬಾಣಂತನವೆಂದು, ಒಂದು ದಿನದ ರಜೆ ಹಾಕಿದಳು. ಅದೇ ಬೆಳಿಗ್ಗೆ ಮುನಿಲಕ್ಷ್ಮಮ್ಮ ಒಂದು ಸ್ಟೀಲಿನ ಡಬ್ಬಿ ತಂದಿಟ್ಟರು. ಮುನಿಲಕ್ಷ್ಮಮ್ಮ ಎಂದರೆ ಗಿರಣಿ ಶುರುವಾದ ದಿನ ಮೊದಲ ಸೇರು ರಾಗಿ ಹಾಕಿಸಿದವರು, ಎಂಬತ್ತರ ಹತ್ತಿರದವರು, ನನ್ನನ್ನು ಈಗಲೂ ಏಕವಚನದಲ್ಲಿ ಕರೆಯುವ ಹಕ್ಕು ಇಟ್ಟುಕೊಂಡಿರುವ ಕೆಲವೇ ಮಂದಿಯಲ್ಲಿ ಒಬ್ಬರು. ಡಬ್ಬಿಯಲ್ಲಿ ಇದ್ದದ್ದು ಮೊಳಕೆ ರಾಗಿ. ಅವರ ಮೊಮ್ಮಗನ ಹೆಂಡತಿ ಕೀರ್ತನಾಗೆ ಏಳು ತಿಂಗಳ ಹೆಣ್ಣುಕೂಸು. ಹೆರಿಗೆ ರಜೆ ಮುಗಿದು ಮುಂದಿನ ಸೋಮವಾರ ಆಕೆ ಕೆಲಸಕ್ಕೆ ಹೋಗಲೇಬೇಕು. ಅಷ್ಟರೊಳಗೆ ಕೂಸು ರಾಗಿ ಸರಿ ತಿನ್ನಲು ಕಲಿಯಬೇಕು, ಇಲ್ಲದಿದ್ದರೆ ಒಂಬತ್ತರಿಂದ ಆರರ ತನಕ ಹಸಿದ ಕೂಸನ್ನು ಮುತ್ತಜ್ಜಿ ಸೊಂಟದ ಮೇಲಿಟ್ಟುಕೊಂಡು ಬೀದಿ ಅಳೆಯಬೇಕು. ಇದನ್ನೆಲ್ಲ ಅವರು ಹೇಳಿದರು. ನಾನೂ ಕೇಳಿಸಿಕೊಂಡು, ಹೆಸರು, ಧಾನ್ಯ ಎರಡನ್ನೂ ನನ್ನ ಕೈಯಾರೆ ಒತ್ತಿದೆ. ತಾವು ಕಣ್ಣು ಮಿಟುಕಿಸುವಷ್ಟರಲ್ಲಿ ಚೀಟಿ ಕೊಟ್ಟಿರಿ. ನಾನು ಓದದೆ ಡಬ್ಬಿಗೆ ಕಟ್ಟಿದೆ. ನಂಬಿಕೆ ಎಂದರೆ ಹಾಗಿರಬೇಕು.

ಮಧ್ಯಾಹ್ನ ಹತ್ತೊಂಬತ್ತು ಡಬ್ಬಿ ಸಾಲಾಗಿ ನಿಂತಿದ್ದವು. ಖಾರದ ಕೋಣೆಯಲ್ಲಿ ಕೆಲಸ ಮಾಡುವ ಕ್ರಮ ತಮಗೆ ತಿಳಿಯದು: ಮೂಗು ಬಾಯಿಗೆ ಟವೆಲು ಬಿಗಿದು, ಕಣ್ಣು ಅರೆಮುಚ್ಚಿ, ಉಸಿರು ಹಿಡಿದು ಡಬ್ಬಿ ಎತ್ತಿ ಮಿಷನ್ನಿನ ಬಾಯಿಗೆ ಕವಚಿ ಓಡಿ ಬರಬೇಕು, ಹಿಟ್ಟು ಬಟ್ಟೆಯ ತೋಳಿನೊಳಗಿಂದ ನೇರ ಡಬ್ಬಿಗೇ ಇಳಿಯುತ್ತದೆ. ಚೀಟಿ ಖಾರ ಎಂದಿತು, ನಾನು ಕವಚಿದೆ. ಈ ಸಲ ಒಂದು ಸೀನೂ ಬರಲಿಲ್ಲವಲ್ಲ, ಬರೀ ಬ್ಯಾಡಗಿ ಇರಬೇಕು ಎಂದು ಮುನಿಯಣ್ಣನಿಗೆ ಹೇಳಿಯೂ ಹೇಳಿದೆ. ಸಂಜೆ ಡಬ್ಬಿ ಮನೆ ಸೇರಿತು.

ಬುಧವಾರ ಬೆಳಿಗ್ಗೆ ಮುನಿಲಕ್ಷ್ಮಮ್ಮ ಒಂದು ಕೈಯಲ್ಲಿ ಬಟ್ಟಲು, ಇನ್ನೊಂದು ಕೈಯಲ್ಲಿ ಚಮಚ ಹಿಡಿದು ಗಿರಣಿಗೆ ಬಂದರು. ಅವರ ಮನೆಯಲ್ಲಿ ಕೂಸಿನ ಮೊದಲ ತುತ್ತನ್ನು ಹಿರಿಯರು ನಾಲಿಗೆಗೆ ಇಟ್ಟು ನೋಡದೆ ಕೊಡುವುದಿಲ್ಲ. ಆ ಪದ್ಧತಿ ಮಾಡಿಟ್ಟ ಪುಣ್ಯಾತ್ಮರು ಯಾರೇ ಇರಲಿ, ಅವರ ಹೆಸರಿನಲ್ಲಿ ಒಂದು ದೀಪ ಹಚ್ಚುತ್ತೇನೆ. ಅಜ್ಜಿಯ ಕಣ್ಣು ಇನ್ನೂ ಕೆಂಪಾಗಿತ್ತು. ಸರದಿಯಲ್ಲಿದ್ದ ಎಂಟು ಜನರ ಮುಂದೆ ಅವರು ದನಿ ಏರಿಸದೆ ಹೇಳಿದ ಮಾತು ಇಷ್ಟೇ:

"ಏನ್ಲಾ ಕೆಂಚ, ಮಗೀಗೆ ಸರಿಹಿಟ್ಟು ಬೀಸ್ಕೊಡು ಅಂದ್ರೆ ಮಾಂಸದ ಸಾರಿಗೆ ಮಸಾಲೆ ಬೀಸ್ಕೊಟ್ಟಿದ್ದೀಯಲ್ಲ. ತಗೋ, ಒಂದ್ ಚಮಚ ನೀನೂ ತಿನ್ನು."

ತಿಂದೆ, ಮಾನ್ಯರೇ. ಎಂಟು ಜನ ನೋಡುತ್ತಿದ್ದರು. ರಾಗಿಯ ಹಿಂದೆ ಅವಿತುಕೊಂಡು ಬರುವ ಗುಂಟೂರು ಮೆಣಸಿನಕಾಯಿಯ ರುಚಿಯನ್ನು ವರ್ಣಿಸಲು ಏಳನೇ ಕ್ಲಾಸಿನ ಕನ್ನಡ ಸಾಲದು. ನೀರು ಕುಡಿಯಲೆಂದು ಡ್ರಮ್ಮಿಗೆ ಹೋದರೆ ಮುಚ್ಚಳವಾಗಿ ನರಸಮ್ಮನ ಕರಿಹಲಗೆ. ಸುಣ್ಣದ ಅಕ್ಷರ ಅಳಿಸಿದ್ದರೂ ಅಲ್ಲಲ್ಲಿ ಗುರುತು ಉಳಿದಿತ್ತು. ಕಣ್ಣೀರಿನ ನಡುವೆ ನಾನು ಓದಿದ್ದು, 'ಮುನಿಲಕ್ಷ್ಮಮ್ಮ, ಮೊಳಕೆ ರಾಗಿ, ಒಂದನೇ ಮಿಷನ್, ಎರಡು ಸಲ, ಜರಡಿ'. ಅವರ ಕಿರಿಯ ಮೊಮ್ಮಗ ಕೂಸಾಗಿದ್ದಾಗ ಬರೆದದ್ದಿರಬೇಕು.

ತಮ್ಮೊಳಗೂ ಅದೇ ಮಾತು ಇತ್ತು ಎಂಬುದನ್ನು ನ್ಯಾಯವಾಗಿ ಒಪ್ಪಿಕೊಳ್ಳುತ್ತೇನೆ. ಅರವತ್ತೊಂದನೇ ಇಫ್‌ನಲ್ಲಿ, ಮೊಳಕೆ ರಾಗಿಯಾದರೆ ಒಂದನೇ ಮಿಷನ್ನು, ಎರಡು ಸಲ, ಜರಡಿ ಎಂದು ನಾನೇ ಅಕ್ಕರೆಯಿಂದ ಬರೆದಿದ್ದೆ. ತಾವು ಬಾಗಿಲಲ್ಲೇ ಮುನೇಶ್ವರನಿಗೆ ಅಡ್ಡಬಿದ್ದು ಅಲ್ಲಿಂದಲೇ ಹಿಂತಿರುಗಿದಿರಿ. ತಮ್ಮ ದೈವಭಕ್ತಿಯನ್ನು ಮೆಚ್ಚಬೇಕು. ಆದರೆ ಅರವತ್ತಮೂರು ಕೋಣೆಯ ಮನೆ ಕಟ್ಟಿ, ಬಂದ ನೆಂಟರನ್ನೆಲ್ಲ ಹೊಸಿಲಿನಿಂದಲೇ ಬೀಳ್ಕೊಡುವುದು ಯಾವ ಸೀಮೆಯ ಉಪಚಾರ?

ಅಜ್ಜಿ ಶಿಕ್ಷೆ ವಿಧಿಸಿದರು. ಬೇರೆ ಗಿರಣಿಗೆ ಹೋಗುವುದಿಲ್ಲ, ಆದರೆ ರಾಗಿಯನ್ನು ನಾನೇ ತೊಳೆದು, ನಾನೇ ನೆನೆಸಿ, ನಾನೇ ಮೊಳಕೆ ಕಟ್ಟಿ, ಭಾನುವಾರ ಮಧ್ಯಾಹ್ನದೊಳಗೆ ಹಿಟ್ಟು ಮನೆಗೆ ಮುಟ್ಟಿಸಬೇಕು. ಬುಧವಾರ ತೊಳೆದು ನೆನೆಹಾಕಿದೆ. ಗುರುವಾರ ನನ್ನದೇ ಬಿಳಿ ಪಂಚೆಯಲ್ಲಿ ಗಂಟು ಕಟ್ಟಿ, ಮೇಲೆ ಕಲ್ಲು ಹೇರಿದೆ. ಗಂಟೆಗೊಮ್ಮೆ ಬಿಚ್ಚಿ ನೋಡಿದರೆ ಮೊಳಕೆ ಬರುವುದಿಲ್ಲವೆಂದು ಕಲಾ ಗಂಟನ್ನು ಕಿತ್ತುಕೊಂಡು ಅಟ್ಟದ ಮೇಲಿಟ್ಟಳು. ಶುಕ್ರವಾರ ಬೆಳಿಗ್ಗೆ ಸೂಜಿಮೊನೆಯಷ್ಟು ಬಿಳಿ ಮೊಳಕೆ ಕಂಡಾಗ ನನ್ನ ಮದುವೆಯ ದಿನಕ್ಕಿಂತ ಹೆಚ್ಚು ಸಂತೋಷವಾಯಿತು ಎಂದು ಬಾಯಿತಪ್ಪಿ ಅಂದು, ಅದಕ್ಕೂ ಬೇರೆ ಅನುಭವಿಸಿದೆ. ಹೊರಗೆ ಜಿಟಿಜಿಟಿ ಮಳೆ, ಬಿಸಿಲಿಲ್ಲ. ಹಾಲಿನ ನೆಲದ ತುಂಬ ರಾಗಿ ಹರಡಿ, ಫ್ಯಾನು ತಿರುಗಿಸಿ, ಟಿ.ವಿ. ನೋಡುವ ಹಕ್ಕು ಕಳೆದುಕೊಂಡು, ಎರಡು ದಿನ ಗೋಡೆಗೆ ಒರಗಿ ಕಾವಲು ಕೂತೆ. ಈ ಅವಧಿಯಲ್ಲಿ ತಾವು ಏನು ಮಾಡುತ್ತಿದ್ದಿರಿ ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಶನಿವಾರ ಸಂಜೆ ರಾಗಿ ಒಣಗಿದೆಯೇ ಎಂದು ನೋಡಲು ಕೀರ್ತನಾ ಕೂಸನ್ನು ಎತ್ತಿಕೊಂಡು ಮನೆಗೆ ಬಂದಳು. ಅಲ್ಲಿಂದ, ತನ್ನ ಮಗಳಿಗೆ ಮೆಣಸಿನಕಾಯಿ ತಿನ್ನಿಸಲು ಹೊರಟಿದ್ದ ಮಹಾನುಭಾವರನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂದು ಗಿರಣಿಗೂ ಬಂದಳು. ಆಕೆ ಔಷಧಿ ದಾಸ್ತಾನಿನ ಕಚೇರಿಯೊಂದರಲ್ಲಿ ಲೆಕ್ಕದ ಪಟ್ಟಿ ನೋಡಿಕೊಳ್ಳುವವಳು. ಗೋಡೆಯ ಏಳು ಹಾಳೆಯನ್ನು ಮೊದಲಿನಿಂದ ಕೊನೆಯ ತನಕ ಓದಿದಳು. ನಕ್ಕರೆ ಸಹಿಸಬಹುದಿತ್ತು. ಆಕೆ ನಗಲಿಲ್ಲ. ಕೂಸನ್ನು ನನ್ನ ಕೈಗೆ ಕೊಟ್ಟು, ನಿಧಾನವಾಗಿ ಅಂದಳು:

"ಅಂಕಲ್, ಇದೆಲ್ಲ ಫಾರ್ಮುಲಾ ಅಲ್ಲ, ಮಾಹಿತಿ. ಯಾವ ಮನೆಗೆ ಏನು ಅನ್ನೋದನ್ನ ಬೇರೆ ಒಂದು ಟೇಬಲ್ಲಲ್ಲಿ ಸಾಲಾಗಿ ಬರ್ದಿಡಿ. ಫಾರ್ಮುಲಾ ಹೋಗಿ ನೋಡ್ಕೊಂಡು ಬಂದ್ರೆ ಸಾಕು, ಯೋಚ್ನೆ ಮಾಡೋದು ಬೇಡ."

ನಾನು ಬಿಡಲಿಲ್ಲ. ಯೋಚನೆ ಮಾಡದ ಸೂತ್ರ ಇದ್ದೇನು ಫಲ ಎಂದು ವಾದಿಸಿದೆ. ಅದಕ್ಕೆ ಆಕೆ, ಹದಿನೇಳೊಂಬತ್ತಲೆ ಎಷ್ಟು ಅಂಕಲ್ ಎಂದು ಕೇಳಿದಳು. ನೂರ ಐವತ್ತಮೂರು ಎಂದು ಬಾಯಿ ತಾನಾಗಿಯೇ ಅಂದಿತು. ಯೋಚನೆ ಮಾಡಿ ಹೇಳಿದಿರಾ ಎಂದಳು. ಮಾನ್ಯರೇ, ಮೂವತ್ತರ ಮಗ್ಗಿ ತಲೆಕೆಳಗಾಗಿ ಬರುವ ನಾನು, ಕೈಯಲ್ಲಿದ್ದ ಕೂಸಿನ ಟೋಪಿ ಸರಿಮಾಡತೊಡಗಿದೆ. ನಮ್ಮ ಮೇಷ್ಟ್ರು ನಮಗೆಂದೂ 'ಹದಿನೇಳಾಗಿದ್ದು, ಜೊತೆಗೆ ಒಂಬತ್ತೂ ಆಗಿದ್ದರೆ' ಎಂದು ಕಲಿಸಿರಲಿಲ್ಲ. ಸಾಲು ಹುಡುಕು, ಕಂಬ ಹುಡುಕು, ಎದುರಿಗಿರುವುದನ್ನು ಹೇಳು. ಅಷ್ಟೇ. ಜೀವಮಾನವಿಡೀ ಮಗ್ಗಿ ಗೊತ್ತೆಂದು ಜಂಬ ಕೊಚ್ಚಿದವನು, ಮಗ್ಗಿ ಏತಕ್ಕೆಂದು ತಿಳಿಯದೆ ತಮ್ಮನ್ನು ಸಾಕಿಕೊಂಡಿದ್ದೆ. ಆಮೇಲೆ ಸೌಂದರ್ಯಾಗೆ ಫೋನು ಮಾಡಿ, ನಾಲ್ಕನೇ ದಿನ ಏನು ಪಾಠ ಮಾಡಿದಿರಮ್ಮ ಎಂದು ಕೇಳಿದೆ. ತಾವು ಊಹಿಸಿರಬಹುದು. ಅದೇ, ಟೇಬಲ್ಲಿನಲ್ಲಿ ಹುಡುಕಿ ತರುವುದು.

ಕೀರ್ತನಾ ಹೊಸ ಹಾಳೆ ತೆರೆದು, ಮೇಲೆ ಮನೆ, ಧಾನ್ಯ, ಮಿಷನ್ನು, ಹದ ಎಂದು ನಾಲ್ಕು ಹೆಸರು ಬರೆದು, ಹೇಳಿ ಅಂಕಲ್ ಎಂದಳು. ನಾನು ನೀಲಮ್ಮನವರದನ್ನು ಹೇಳಿದೆ. ಮಧ್ವೇಶ್ ಅವರದನ್ನು ಹೇಳಿದೆ. ಮೂರನೆಯದಕ್ಕೆ ತಡವರಿಸಿದೆ. ಆಗ ಖಾರದ ಕೋಣೆಯಿಂದ ಟವೆಲು ಬಿಚ್ಚುತ್ತಾ ನರಸಮ್ಮ ಬಂದು, ಸ್ಟೂಲು ಎಳೆದುಕೊಂಡು ಕೂತು, ಮೊದಲನೇ ಬೀದಿಯ ಮೊದಲನೇ ಮನೆಯಿಂದ ಶುರು ಮಾಡಿದಳು. ಯಾರ ಮನೆಯಲ್ಲಿ ಸಕ್ಕರೆ ಕಾಯಿಲೆ ಬಂದು ಗೋಧಿಗೆ ಮೆಂತ್ಯ ಸೇರಿತು, ಯಾರ ಮನೆಗೆ ಉತ್ತರ ಕರ್ನಾಟಕದ ಸೊಸೆ ಬಂದ ಮೇಲೆ ಜೋಳ ಶುರುವಾಯಿತು, ಯಾರ ಅತ್ತೆಗೆ ಹಲ್ಲು ಹೋದ ಮೇಲೆ ತರಿ ನಿಂತಿತು, ಎಲ್ಲವೂ. ಕೂಸು ನನ್ನ ಭುಜದ ಮೇಲೆ ನಿದ್ದೆ ಹೋಯಿತು. ಇನ್ನೂರ ಹದಿನಾಲ್ಕು ಮನೆ ಮುಗಿದಾಗ ನರಸಮ್ಮ ಪರದೆಯ ಕಡೆ ಬಗ್ಗಿ ಅಂದಳು:

"ಇದು ನನ್ ಹಲಗೆ ಅಲ್ವಾ, ಅಣ್ಣಾ."

ಹೌದು ಎಂದೆ. ಮೂವತ್ತೊಂದು ವರ್ಷದಲ್ಲಿ ಇಷ್ಟು ಚಿಕ್ಕ ಉತ್ತರವನ್ನು ನಾನು ಕೊಟ್ಟಿದ್ದಿಲ್ಲ.

ತಮ್ಮನ್ನು ಆ ಸಂಜೆಯೇ ಕತ್ತರಿಸಲಾಯಿತು. ನೋವಾಗಿದ್ದರೆ ಕ್ಷಮಿಸಬೇಕು. ಅರವತ್ತಮೂರು ಇಫ್‌ಗಳಲ್ಲಿ ಒಂದನ್ನು ಮಾತ್ರ, ಹಳೆಯ ಸಂಬಂಧ ನೆನೆದು, ಉಳಿಸಿಕೊಂಡಿದ್ದೇವೆ. ಈಗ ತಮ್ಮ ಕೆಲಸ ಇಷ್ಟು: ಟೇಬಲ್ಲಿಗೆ ಹೋಗುವುದು, ಮನೆಯ ಹೆಸರು ಮತ್ತು ಧಾನ್ಯ ಎರಡೂ ಹೊಂದುವ ಸಾಲನ್ನು ಹುಡುಕುವುದು, ಅಲ್ಲಿರುವುದನ್ನು ಚೀಟಿಗೆ ತರುವುದು, ಅಂಥ ಸಾಲು ಇಲ್ಲದಿದ್ದರೆ, 'ನರಸಮ್ಮನನ್ನು ಕೇಳಿ' ಎಂದು ಬರೆಯುವುದು. ಮೊನ್ನೆ ಶೋಭಾರಾಣಿಯವರು ಇನ್ನು ಮೇಲೆ ಗೋಧಿ ತರಿಯಾಗಿರಲಿ ಎಂದರು. ಮೊದಲಾಗಿದ್ದರೆ ನಾನು ಕನ್ನಡಕ ಹಾಕಿಕೊಂಡು ತಮ್ಮ ಕರುಳಿನಲ್ಲಿ ಅರ್ಧ ದಿನ ಕೈಯಾಡಿಸಿ, ಒಂದು ಬ್ರಾಕೆಟ್ಟು ಎಲ್ಲೋ ಬೀಳಿಸಿ, ಇಡೀ ಹೊಸಹಳ್ಳಿಗೆ ತರಿ ತಿನ್ನಿಸುತ್ತಿದ್ದೆ. ನರಸಮ್ಮ ಟೀ ಲೋಟ ಕೆಳಗಿಡದೆಯೇ ಒಂದು ಪದ ಬದಲಾಯಿಸಿ ಎದ್ದಳು.

ಭಾನುವಾರ ಬೆಳಿಗ್ಗೆ ರಾಗಿಯ ಮೊಳಕೆ ಉಜ್ಜಿ ಕೇರಿ, ಹದವಾಗಿ ಹುರಿದು ತಂದೆ. ಒಂದನೇ ಮಿಷನ್ನಿಗೆ ನರಸಮ್ಮ ಮೊದಲು ಎರಡು ಹಿಡಿ ಅಕ್ಕಿ ಹಾಕಿ ಶುದ್ಧ ಮಾಡಿ, ಎರಡು ಸಲ ಬೀಸಿ, ಜರಡಿ ಹಿಡಿದಳು. ನಾನು ದೂರ ನಿಂತಿದ್ದೆ. ಮುನಿಲಕ್ಷ್ಮಮ್ಮನವರ ಅಡುಗೆಮನೆಯಲ್ಲಿ ಸರಿ ಕುದಿಯಿತು, ಆರಿತು. ಅಜ್ಜಿ ಮೊದಲು ನಾಲಿಗೆಗೆ ಇಟ್ಟುಕೊಂಡರು. ಅವರ ಮುಖ ನೋಡುತ್ತಾ ನಾನು ಉಸಿರು ಹಿಡಿದಷ್ಟು ಹೊತ್ತು ಖಾರದ ಕೋಣೆಯಲ್ಲಿಯೂ ಹಿಡಿದಿರಲಿಲ್ಲ. ಅವರು ಕೂಸಿನ ಬಾಯಿಗೆ ಚಮಚ ಇಟ್ಟರು. ಕೂಸು ಮೊದಲ ತುತ್ತನ್ನು ನನ್ನ ಕಡೆಗೇ ಉಗಿಯಿತು. ಅದಕ್ಕೂ ವಿಷಯ ಗೊತ್ತಿದ್ದಂತಿತ್ತು. ಎರಡನೆಯದಕ್ಕೆ ಹಕ್ಕಿಮರಿಯಂತೆ ಬಾಯಿ ತೆರೆಯಿತು. ಸೋಮವಾರ ಕೀರ್ತನಾ ಮೆಟ್ರೋ ಹತ್ತಿದಳು, ಮಧ್ಯಾಹ್ನ ಬಟ್ಟಲು ಬರಿದಾಗಿದೆ ಎಂದು ಅಜ್ಜಿ ಗಿರಣಿಯ ತನಕ ನಡೆದು ಬಂದು, ಖಾಲಿ ಬಟ್ಟಲನ್ನೇ ತೋರಿಸಿ ಹೋದರು.

ಕೊನೆಯದಾಗಿ ತಮ್ಮಲ್ಲಿ ಕೆಲವು ಬಿನ್ನಹಗಳು. ಕತ್ತರಿಸಿ ತೆಗೆದ ಅರವತ್ತೆರಡು ಇಫ್‌ಗಳು ಕೆಲಸವಿಲ್ಲದೆ ಕೂತಿರುವುದರಿಂದ, ಜನರನ್ನು ಒಂದು ಕೌಂಟರಿನಿಂದ ಇನ್ನೊಂದಕ್ಕೆ ಓಡಿಸುವ ಯಾವುದಾದರೂ ದೊಡ್ಡ ಕಚೇರಿಗೆ ಅರ್ಜಿ ಹಾಕಬಹುದು, ಶಿಫಾರಸು ಪತ್ರ ನಾನು ಕೊಡುತ್ತೇನೆ. ಮುಂದಿನ ಶಿವರಾತ್ರಿಯೊಳಗೆ ಮುನೇಶ್ವರನ ಗುಡಿಗೆ ಹೋಗಿ, ಆತನ ಹೆಸರಿನಲ್ಲಿ ಮಾಡಿದ ಕೆಲಸಕ್ಕೆ ತಪ್ಪು ಕಾಣಿಕೆ ಹಾಕಿ ಬರಬೇಕು. ಬಸ್ಸು ಹತ್ತಲು ಕಾಲಿಲ್ಲವೆಂಬ ನೆಪ ಬೇಡ, ಒಂದು ಸೀಟನ್ನಷ್ಟೇ ಅಲ್ಲ, ತಮ್ಮ ಹಳೆಯ ಉದ್ದಕ್ಕೆ ಇಡೀ ಬಸ್ಸನ್ನೇ ಬುಕ್ ಮಾಡಿಸುತ್ತೇನೆ. ಹಾಳಾದ ಆ ಡಬ್ಬಿಯ ಖಾರದ ರಾಗಿಯನ್ನು ತಾವೇ ತಿಂದು ಮುಗಿಸಬೇಕೆಂದು ಕೋರುತ್ತಿದ್ದೆ. ಆದರೆ ಮುನಿಯಣ್ಣ ಅದರಲ್ಲಿ ರೊಟ್ಟಿ ತಟ್ಟಿ ತಿಂದು, ಚ್ಯಾಟ್ಸ್ ಅಂಗಡಿಯಲ್ಲೂ ಇಂಥದ್ದು ಸಿಗುವುದಿಲ್ಲ, ಮತ್ತೊಂದು ಸಲ ನರಸಮ್ಮ ಯಾವಾಗ ರಜೆ ಹಾಕುತ್ತಾಳೆ ಎಂದು ಕೇಳುತ್ತಿರುವುದರಿಂದ ಆ ಬೇಡಿಕೆಯನ್ನು ಹಿಂಪಡೆಯುತ್ತೇನೆ.

ಏಳು ಹಾಳೆಯ ತಮ್ಮ ಭಾವಚಿತ್ರವನ್ನು ಗೋಡೆಯಿಂದ ಇಳಿಸಲಾಗಿದೆ. ಗೌರವಕ್ಕೆ ಕುಂದು ಬಾರದಂತೆ ಮಡಿಸಿ ನೀರಿನ ಡ್ರಮ್ಮಿನ ಮೇಲೆ ಮುಚ್ಚಳವಾಗಿ ಇಡಬೇಕೆಂದಿದ್ದೆ, ಕಾಗದವಾದ್ದರಿಂದ ನೆನೆಯಿತು. ಕರಿಹಲಗೆ ಹಳೆಯ ಮೊಳೆಗೇ ಮರಳಿದೆ, ಕರೆಂಟು ಹೋದಾಗ ಬೇಕಾಗುತ್ತದೆ ಎಂದು ನರಸಮ್ಮನ ಅಭಿಪ್ರಾಯ.

ತಮ್ಮನ್ನು ಹೆತ್ತು, ಹೊತ್ತು, ಮೆರೆಸಿ, ಕಡೆಗೆ ಒಂದು ಸಾಲಿಗೆ ಇಳಿಸಿಯೂ
ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಕೆಂಚಪ್ಪ
ಹಿಟ್ಟಿನ ಗಿರಣಿ, ಹೊಸಹಳ್ಳಿ

ಮರೆತಿದ್ದು: ನಿನ್ನೆ ನರಸಮ್ಮ ಊಟಕ್ಕೆ ಹೋಗಿದ್ದಾಗ, ನಮ್ಮ ಮನೆಯ ಗೋಧಿಯನ್ನು ನಾನೇ ಬೀಸಿಕೊಳ್ಳೋಣವೆಂದು 'ಕೆಂಚಪ್ಪ, ಗೋಧಿ' ಎಂದು ಒತ್ತಿದೆ. ತಾವು ವಿಧೇಯರಾಗಿ ಟೇಬಲ್ಲಿಗೆ ಹೋಗಿ ಚೀಟಿ ತಂದಿರಿ. ಅದರಲ್ಲಿ ಹೀಗಿತ್ತು: 'ಎರಡನೇ ಮಿಷನ್, ನುಣ್ಣಗೆ. ಮಾಲೀಕರು ಮಿಷನ್ ಮುಟ್ಟಬಾರದು, ಕುರ್ಚಿಯಲ್ಲಿ ಕೂತಿರಬೇಕು.' ಹೋಗಿ ನೋಡಿದರೆ ನನ್ನ ಹೆಸರಿಗೆ ಹನ್ನೊಂದು ಧಾನ್ಯಕ್ಕೆ ಹನ್ನೊಂದು ಸಾಲು, ಹನ್ನೊಂದರಲ್ಲೂ ಅದೇ ಮಾತು. ಅಳಿಸಲು ಬೆರಳು ಎತ್ತಿದ್ದೆ. ಆದರೆ ಚೀಟಿ ಹೇಳಿದ್ದೇ ಕಡೇ ಮಾತು ಎಂದು ಈ ಗಿರಣಿಯಲ್ಲಿ ಕಾನೂನು ಮಾಡಿದವನು ನಾನೇ. ಈ ಪತ್ರವನ್ನು ಕುರ್ಚಿಯಲ್ಲಿ ಕೂತೇ ಬರೆದಿದ್ದೇನೆ.